ಸಕ್ಕರೆ ಕಾಯಿಲೆಯವರ ಸಂಘ: ಕಟ್ಟಿದವರು ಯಾರು, ನಡೆಸುವವರು ಯಾರು?

1934ರ ಜನವರಿಯಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯ ಪತ್ರಗಳ ಅಂಕಣದಲ್ಲಿ ಒಂದು ಮನವಿ ಅಚ್ಚಾಯಿತು. ಸಕ್ಕರೆ ಕಾಯಿಲೆ ಇರುವವರು ಬಡವ ಬಲ್ಲಿದರೆನ್ನದೆ ಸೇರಬಹುದಾದ ಒಂದು ಸಂಘ ಬೇಕು, ಅಲ್ಲಿ ಒಬ್ಬರಿಗೊಬ್ಬರು ನೆರವಾಗಬೇಕು, ರೋಗದ ಅಧ್ಯಯನವೂ ಅದರ ತಿಳಿವಳಿಕೆಯೂ ಸರಿಯಾದ ಚಿಕಿತ್ಸೆಯೂ ದೇಶದಲ್ಲಿ ಹರಡಬೇಕು ಎಂಬುದು ಅದರ ಸಾರ. ಮನವಿಯ ಹಿಂದೆ ಇದ್ದವರು ಕಾದಂಬರಿಕಾರ ಎಚ್. ಜಿ. ವೆಲ್ಸ್. ‘ದಿ ಟೈಮ್ ಮೆಷಿನ್’ ಬರೆದ ಅದೇ ವೆಲ್ಸ್. ಆಗ ಅರವತ್ತೇಳರ ವಯಸ್ಸು, ಮೈಯಲ್ಲಿ ಸಕ್ಕರೆ ಕಾಯಿಲೆ. ಜೊತೆಗಿದ್ದವರು ಅವರ ವೈದ್ಯ ರಾಬರ್ಟ್ ಡೇನಿಯಲ್ ಲಾರೆನ್ಸ್. ಆ ವರ್ಷ ಹುಟ್ಟಿದ ‘ಡಯಾಬಿಟಿಕ್ ಅಸೋಸಿಯೇಷನ್’ 1954ರಲ್ಲಿ ‘ಬ್ರಿಟಿಷ್ ಡಯಾಬಿಟಿಕ್ ಅಸೋಸಿಯೇಷನ್’ ಆಯಿತು, 2000ದಲ್ಲಿ ‘ಡಯಾಬಿಟಿಸ್ ಯುಕೆ’ ಆಯಿತು. ಲಂಡನ್ನಿನಲ್ಲಿರುವ ಅದರ ಈಗಿನ ಕಚೇರಿಗೆ ವೆಲ್ಸ್ ಲಾರೆನ್ಸ್ ಹೌಸ್ ಎಂದು ಹೆಸರು.

ಪ್ರಸಿದ್ಧ ಲೇಖಕನೊಬ್ಬ ಹೆಸರು ಕೊಟ್ಟ, ವೈದ್ಯನೊಬ್ಬ ಕೆಲಸ ಮಾಡಿದ ಎಂದು ಇದನ್ನು ಎರಡು ಮಾತಿನಲ್ಲಿ ಮುಗಿಸಿಬಿಡಬಹುದು. ಆದರೆ ಈ ವೈದ್ಯನೂ ರೋಗಿಯೇ. ಅದನ್ನು ಬಿಟ್ಟರೆ ಈ ಸಂಸ್ಥೆಯ ಸ್ವಭಾವವೇ ಅರ್ಥವಾಗುವುದಿಲ್ಲ.

ಲಾರೆನ್ಸ್ ಹುಟ್ಟಿದ್ದು 1892ರಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ. ಕಿವಿ ಮೂಗು ಗಂಟಲಿನ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದಾಗ, ಶವವೊಂದರ ಕಿವಿಯ ಹಿಂದಿನ ಮೂಳೆಯನ್ನು ಉಳಿಯಿಂದ ಕೊರೆಯುವಾಗ, ಚೂರೊಂದು ಸಿಡಿದು ಕಣ್ಣಿಗೆ ಬಿತ್ತು. ಕಣ್ಣು ಕೀವುಗಟ್ಟಿತು. ಆಸ್ಪತ್ರೆಗೆ ಸೇರಿಸಿ ಮೂತ್ರ ಪರೀಕ್ಷಿಸಿದಾಗ ಸಕ್ಕರೆ ಕಾಯಿಲೆ ಹೊರಬಿತ್ತು. ಇದು 1920ರ ಮಾತು. ಇನ್ಸುಲಿನ್ ಇನ್ನೂ ಇರಲಿಲ್ಲ. ಆಗಿದ್ದ ಚಿಕಿತ್ಸೆ ಒಂದೇ, ಉಪವಾಸಕ್ಕೆ ಹತ್ತಿರವಾದ ಕಟ್ಟುನಿಟ್ಟಿನ ಪಥ್ಯ. ಸಾವನ್ನು ಒಂದಷ್ಟು ಮುಂದಕ್ಕೆ ಹಾಕುವುದಷ್ಟೇ ಅದರಿಂದ ಆಗುತ್ತಿದ್ದುದು. ಮನೆಯವರ ಕಣ್ಣೆದುರು ಸಾಯುವುದು ಬೇಡವೆಂದು ಲಾರೆನ್ಸ್ ಇಟಲಿಯ ಫ್ಲಾರೆನ್ಸಿಗೆ ಹೋಗಿ, ಅಲ್ಲಿದ್ದ ಇಂಗ್ಲಿಷರಿಗೆ ಔಷಧಿ ಕೊಡುತ್ತ ದಿನ ತಳ್ಳತೊಡಗಿದರು. 1923ರಲ್ಲಿ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಜೀವರಸಾಯನ ತಜ್ಞ ಜಿ. ಎ. ಹ್ಯಾರಿಸನ್ ಅವರಿಂದ ತಂತಿ ಬಂತು: ಇನ್ಸುಲಿನ್ ಸಿಕ್ಕಿದೆ, ಕೆಲಸ ಮಾಡುತ್ತಿದೆ, ಕೂಡಲೇ ಹೊರಟು ಬಾ. ನಿತ್ರಾಣದಲ್ಲೇ ಕಾರು ಓಡಿಸಿಕೊಂಡು ಲಂಡನ್ ಸೇರಿದ ಲಾರೆನ್ಸರಿಗೆ ಮೇ 31ರಂದು ಮೊದಲ ಚುಚ್ಚುಮದ್ದು ಬಿತ್ತು. ಆಮೇಲೆ ಅವರು ನಲವತ್ತೈದು ವರ್ಷ ಬದುಕಿದರು. ಕಿಂಗ್ಸ್ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯ ವಿಭಾಗ ಕಟ್ಟಿದರು. 1925ರಲ್ಲಿ ‘ದಿ ಡಯಾಬಿಟಿಕ್ ಲೈಫ್’ ಎಂಬ ಪುಸ್ತಕ ಬರೆದರು. ವೈದ್ಯರಿಗೂ ರೋಗಿಗಳಿಗೂ ಒಟ್ಟಿಗೇ ಬರೆದದ್ದು ಆ ಪುಸ್ತಕದ ವಿಶೇಷ. ರೋಗಿಗೆ ಇಷ್ಟೆಲ್ಲ ತಿಳಿಸುವುದು ಆ ಕಾಲದ ವೈದ್ಯರ ರೂಢಿಯಾಗಿರಲಿಲ್ಲ.

ಇನ್ಸುಲಿನ್ ಬಂದ ಮೇಲೆ ಸಂಘವೇಕೆ ಬೇಕಾಯಿತು? ಟೊರಾಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್, ಮ್ಯಾಕ್ಲಿಯಡ್ ಅವರ ತಂಡ 1921–22ರಲ್ಲಿ ಇನ್ಸುಲಿನ್ ತೆಗೆದು, ಅದರ ಪೇಟೆಂಟನ್ನು ವಿಶ್ವವಿದ್ಯಾಲಯಕ್ಕೆ ಬರೀ ನಾಮಮಾತ್ರದ ಬೆಲೆಗೆ ಬಿಟ್ಟುಕೊಟ್ಟ ಕಥೆ ಎಲ್ಲರಿಗೂ ಗೊತ್ತು. ಆದರೆ ಪೇಟೆಂಟ್ ಅಗ್ಗವಾದ ಮಾತ್ರಕ್ಕೆ ಔಷಧಿ ಬಡವನ ಮನೆ ಬಾಗಿಲಿಗೆ ಬರುವುದಿಲ್ಲ. ಬ್ರಿಟನ್ನಿನಲ್ಲಿ ಆಗ ಇದ್ದ 1911ರ ಆರೋಗ್ಯ ವಿಮೆ ದುಡಿಯುವ ಗಂಡಸಿನ ರಕ್ಷಣೆಗೆ ಬರುತ್ತಿತ್ತು, ಅವನ ಹೆಂಡತಿ ಮಕ್ಕಳನ್ನು ಹೊರಗಿಡುತ್ತಿತ್ತು. ದೊಡ್ಡ ಆಸ್ಪತ್ರೆಗಳು ದಾನದ ಹಣದಿಂದ ನಡೆಯುತ್ತಿದ್ದವು. ಸಿರಿಂಜು, ಸೂಜಿ, ಮೂತ್ರ ಪರೀಕ್ಷೆಯ ಸಾಮಾನು, ತೂಕ ಹಾಕಿ ತಿನ್ನಬೇಕಾದ ಆಹಾರ, ಇವೆಲ್ಲದರ ಖರ್ಚು ಜೀವನಪೂರ್ತಿ. ಇದರ ಮೇಲೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದರೆ ಕೆಲಸ ಕೊಡದ ಧಣಿಗಳು, ಶಾಲೆಗೆ ಸೇರಿಸಿಕೊಳ್ಳದ ಮೇಷ್ಟರುಗಳು. ಸಾವಿನ ದವಡೆಯಿಂದ ತಪ್ಪಿಸಿಕೊಂಡು ಬಂದ ಒಂದು ಹೊಸ ಜನವರ್ಗವೇ ಸೃಷ್ಟಿಯಾಗಿತ್ತು. ಅವರು ಬದುಕುವುದು ಹೇಗೆಂದು ಹೇಳಿಕೊಡುವವರು ಯಾರೂ ಇರಲಿಲ್ಲ.

ಸಂಘ ಮೊದಲು ಕೈಹಾಕಿದ್ದು ಇಂಥ ಚಿಲ್ಲರೆ ಎನ್ನಿಸುವ ಕೆಲಸಗಳಿಗೇ. 1935ರಲ್ಲಿ ‘ದಿ ಡಯಾಬಿಟಿಕ್ ಜರ್ನಲ್’ ಪತ್ರಿಕೆ ಶುರುವಾಯಿತು. ಅದೇ ಮುಂದೆ ‘ಬ್ಯಾಲೆನ್ಸ್’ ಎಂಬ ಹೆಸರಿನಿಂದ ಬೆಳೆಯಿತು. ಸಕ್ಕರೆ ಕಾಯಿಲೆಯ ಮಕ್ಕಳಿಗೆಂದು ರಜಾ ಶಿಬಿರಗಳು ಆ ದಶಕದಲ್ಲೇ ಆರಂಭವಾದವು. ಚುಚ್ಚಿಕೊಳ್ಳುವುದನ್ನು ಕಲಿಸುವುದರ ಜೊತೆಗೆ, ತನ್ನ ಹಾಗೆಯೇ ಚುಚ್ಚಿಕೊಳ್ಳುವ ಇನ್ನೊಂದು ಮಗುವನ್ನು ತೋರಿಸುವುದೂ ಅಲ್ಲಿನ ಪಾಠವಾಗಿತ್ತು. ಮೊದಲ ಸ್ಥಳೀಯ ಸ್ವಯಂಸೇವಕ ಗುಂಪು ಹುಟ್ಟಿದ್ದು 1939ರಲ್ಲಿ. ಯುದ್ಧ ಬಂತು, ಪಡಿತರ ಬಂತು; ಸಕ್ಕರೆಯ ಪಾಲನ್ನು ಬಿಟ್ಟುಕೊಟ್ಟು ಬದಲಿಗೆ ಬೆಣ್ಣೆ, ಮಾಂಸದಂಥವನ್ನು ಹೆಚ್ಚಾಗಿ ಪಡೆಯುವ ಏರ್ಪಾಡು ಈ ರೋಗಿಗಳಿಗೆ ಆಯಿತು. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಬಂದಾಗ ಇನ್ಸುಲಿನ್ ಎಲ್ಲರಿಗೂ ದಕ್ಕಿತು. ಹಾಗಾದರೆ ಸಂಘದ ಕೆಲಸ ಮುಗಿಯಿತಲ್ಲ ಎಂದು ಕೇಳಬಹುದು. ಸರ್ಕಾರ ಔಷಧಿ ಕೊಡುವುದೇನೋ ಸರಿ. ಯಾವ ಔಷಧಿ, ಎಷ್ಟು ಪರೀಕ್ಷಾ ಪಟ್ಟಿ, ಯಾವ ಸೂಜಿ ಎಂಬುದಕ್ಕೆ ಜಗಳ ಆಡುವವರು ಬೇಕೇ ಬೇಕಾಗಿತ್ತು. ಬಳಸಿ ಬಿಸಾಡುವ ಸಿರಿಂಜು ಅಲ್ಲಿ ಪುಕ್ಕಟೆ ಸಿಗಲು 1987ರವರೆಗೆ ಕಾಯಬೇಕಾಯಿತು.

ಬ್ರಿಟನ್ನಿನ ಮಾದರಿ ಮೊದಲನೆಯದೇನೂ ಅಲ್ಲ. ಪೋರ್ಚುಗಲ್ಲಿನ ಎರ್ನೆಸ್ಟೊ ರೋಮ ಎಂಬ ವೈದ್ಯರು ಅಮೆರಿಕದ ಬೋಸ್ಟನ್ನಿನಲ್ಲಿ ಇನ್ಸುಲಿನ್ನಿನ ಮೊದಲ ದಿನಗಳನ್ನು ಕಂಡು ಊರಿಗೆ ಮರಳಿದವರು. ಲಿಸ್ಬನ್ನಿನ ಬಡವರಿಗೆ ಅದನ್ನು ಕೊಳ್ಳುವ ಶಕ್ತಿ ಇರಲಿಲ್ಲ. 1926ರಲ್ಲಿ ಅವರು ಕಟ್ಟಿದ್ದು ಬಡ ಮಧುಮೇಹಿಗಳ ರಕ್ಷಣಾ ಸಂಘ. ಹೆಸರಿನಲ್ಲಿದ್ದ ಬಡತನವನ್ನು ಆಮೇಲೆ ಕೈಬಿಟ್ಟರು, ಸಂಘ ಇವತ್ತಿಗೂ ಇದೆ. ಜಗತ್ತಿನ ಅತಿ ಹಳೆಯ ಸಕ್ಕರೆ ಕಾಯಿಲೆ ಸಂಘ ಅದೇ. ಅದು ತಾನೇ ಚಿಕಿತ್ಸಾಲಯ ನಡೆಸುವ ಸಂಘ. ಅಮೆರಿಕದ ದಾರಿ ಬೇರೆ. 1940ರಲ್ಲಿ ಹುಟ್ಟಿದ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ವೈದ್ಯರದೇ ಸಂಘ. ಸುಮಾರು ಮೂವತ್ತು ವರ್ಷ ಸಾಮಾನ್ಯ ರೋಗಿಗೆ ಅದರಲ್ಲಿ ಸದಸ್ಯತ್ವದ ಬಾಗಿಲು ತೆರೆದಿರಲಿಲ್ಲ. ಇದಕ್ಕೆ ತಿರುಗೇಟೆನ್ನುವಂತೆ 1970ರಲ್ಲಿ, ಟೈಪ್ 1 ಬಗೆಯ ಸಕ್ಕರೆ ಕಾಯಿಲೆ ಬಂದ ಮಕ್ಕಳ ತಂದೆತಾಯಂದಿರು ಸೇರಿ, ಗುಣಪಡಿಸುವ ಸಂಶೋಧನೆಗೇ ಹಣ ಎಂಬ ಒಂದೇ ಹಟದಿಂದ ಬಾಲ ಮಧುಮೇಹ ಪ್ರತಿಷ್ಠಾನವನ್ನು ಕಟ್ಟಿದರು. ಜೆಡಿಆರ್‌ಎಫ್ ಎಂದು ಹೆಸರಾದ ಅದು 2024ರಲ್ಲಿ ‘ಬ್ರೇಕ್‌ಥ್ರೂ ಟಿ1ಡಿ’ ಆಗಿದೆ. ಈ ಎಲ್ಲ ದೇಶಗಳ ಸಂಘಗಳ ಒಕ್ಕೂಟ, ಇಂಟರ್‌ನ್ಯಾಷನಲ್ ಡಯಾಬಿಟಿಸ್ ಫೆಡರೇಷನ್, 1950ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿತು. ಮೊದಲ ಅಧ್ಯಕ್ಷರು ಯಾರು ಎಂದರೆ, ಮತ್ತೆ ಲಾರೆನ್ಸರೇ.

ರೋಗಿ ಕಟ್ಟಿದ್ದು, ವೈದ್ಯ ಕಟ್ಟಿದ್ದು, ತಂದೆತಾಯಿ ಕಟ್ಟಿದ್ದು. ಸಂಸ್ಥೆ ಮುಂದೆ ಯಾವ ಮಾತಿಗೆ ಕಿವಿಗೊಡುತ್ತದೆ, ಯಾವುದಕ್ಕೆ ಕಿವುಡಾಗುತ್ತದೆ ಎಂಬುದು ಬಹುಮಟ್ಟಿಗೆ ಇಲ್ಲಿಯೇ ತೀರ್ಮಾನವಾಗಿಬಿಡುತ್ತದೆಂದು ನನಗನ್ನಿಸುತ್ತದೆ. ಕಾನೂನಿನ ಚೌಕಟ್ಟು ಆಮೇಲಿನದು. ಆದರೂ ಅದನ್ನು ಸ್ವಲ್ಪ ನೋಡಬೇಕು.

ಡಯಾಬಿಟಿಸ್ ಯುಕೆ ಕಾನೂನಿನ ಕಣ್ಣಿನಲ್ಲಿ ಎರಡು ವೇಷ ಹಾಕಿದೆ. ಒಂದು, ಅದು ಕಂಪನಿ: ಶೇರುಗಳಿಲ್ಲದ, ಲಾಭ ಹಂಚದ, ಮುಳುಗಿದರೆ ಸದಸ್ಯರು ಕೊಡಲು ಒಪ್ಪಿಕೊಂಡ ಪುಡಿಗಾಸಿನ ಖಾತರಿಗೆ ಹೊಣೆ ಸೀಮಿತವಾಗಿರುವ ಕಂಪನಿ. ಎರಡು, ಅದು ನೋಂದಾಯಿತ ದತ್ತಿ. ಕಂಪನಿಯಾಗಿದ್ದರಿಂದ ಸಂಸ್ಥೆಯ ಹೆಸರಿನಲ್ಲೇ ಆಸ್ತಿ ಕೊಳ್ಳಬಹುದು, ನೌಕರರನ್ನು ಇಟ್ಟುಕೊಳ್ಳಬಹುದು, ಕೋರ್ಟಿಗೆ ಹೋಗಬಹುದು. ಟ್ರಸ್ಟಿಗಳ ಮನೆಮಠಕ್ಕೆ ಸಾಮಾನ್ಯವಾಗಿ ಅಪಾಯವಿಲ್ಲ. ದತ್ತಿಯಾಗಿದ್ದರಿಂದ ತೆರಿಗೆ ರಿಯಾಯಿತಿ, ಜೊತೆಗೆ ದತ್ತಿ ಆಯೋಗದ ಕಣ್ಗಾವಲು. ಇಂಗ್ಲೆಂಡ್ ಮತ್ತು ವೇಲ್ಸಿನ ಈ ಆಯೋಗ 1853ರಷ್ಟು ಹಳೆಯದು. ಸ್ಕಾಟ್ಲೆಂಡಿಗೆ ಬೇರೆ ನಿಯಂತ್ರಕ, ಬೇರೆ ನೋಂದಣಿ. ಅಲ್ಲಿನ ಆರೋಗ್ಯ ಇಲಾಖೆಯೂ ಎಡಿನ್‌ಬರೋದ ಸರ್ಕಾರದ ಕೈಯಲ್ಲಿರುವುದರಿಂದ ಲಂಡನ್ನಿನಲ್ಲಿ ಗೆದ್ದ ಬೇಡಿಕೆಯನ್ನು ಅಲ್ಲಿ ಮತ್ತೆ ಮೊದಲಿನಿಂದ ಮಂಡಿಸಬೇಕು. ರಾಷ್ಟ್ರೀಯ ಸಂಸ್ಥೆ ಎಂದು ಬೋರ್ಡು ಬರೆಸುವುದು ಸುಲಭ. ನಾಲ್ಕು ನಾಡುಗಳ ನಾಲ್ಕು ಆರೋಗ್ಯ ವ್ಯವಸ್ಥೆಗಳ ಜೊತೆ ಏಗುವುದು ಬೇರೆಯೇ ಮಾತು.

ಮೇಲೆ ಕೂತವರು ಟ್ರಸ್ಟಿಗಳು. ಅವರಿಗೆ ಸಂಬಳವಿಲ್ಲ, ಬಸ್ಸು ರೈಲಿನ ಖರ್ಚಷ್ಟೇ. ಕೆಳಗೆ ಸಂಬಳದ ಮುಖ್ಯ ಕಾರ್ಯನಿರ್ವಾಹಕರು, ಅವರ ಕೈಕೆಳಗೆ ನೂರಾರು ನೌಕರರು. ಕಾಗದದ ಮೇಲೆ ಟ್ರಸ್ಟಿಗಳೇ ಯಜಮಾನರು: ಹಣ ತಪ್ಪುದಾರಿಗೆ ಹೋದರೆ ಕಾನೂನು ಕೇಳುವುದು ಅವರನ್ನೇ. ಆದರೆ ವಿಷಯ ತಿಳಿದಿರುವುದು ದಿನವೂ ಕಚೇರಿಗೆ ಬರುವವರಿಗೆ. ಎರಡು ಮೂರು ತಿಂಗಳಿಗೊಮ್ಮೆ ಸೇರಿ, ಹಿಂದಿನ ರಾತ್ರಿ ಓದಿಕೊಂಡ ದಪ್ಪ ಕಡತಗಳ ಮೇಲೆ ತೀರ್ಮಾನ ಮಾಡುವ ಸ್ವಯಂಸೇವಕರು, ಅದೇ ಕಡತಗಳನ್ನು ತಯಾರಿಸಿದ ವೃತ್ತಿಪರರನ್ನು ಪ್ರಶ್ನಿಸಬೇಕು. ದೊಡ್ಡ ದತ್ತಿಗಳ ಆಡಳಿತದ ಕಷ್ಟವೆಲ್ಲ ಹೆಚ್ಚುಕಡಿಮೆ ಇಲ್ಲಿದೆ. ನಮ್ಮೂರಿನ ಸಹಕಾರ ಸಂಘಗಳ ನಿರ್ದೇಶಕರಿಗೂ ಕಾರ್ಯದರ್ಶಿಗೂ ಇರುವ ನಂಟನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟನ್ನಿನಲ್ಲಿ ಇದಕ್ಕೆ ಸಿಕ್ಕಿರುವ ಅರ್ಧ ಮದ್ದು ಎಂದರೆ ಪಾರದರ್ಶಕತೆ: ವಾರ್ಷಿಕ ಲೆಕ್ಕ ಯಾರು ಬೇಕಾದರೂ ನೋಡಬಹುದು, ವರ್ಷಕ್ಕೆ 60,000 ಪೌಂಡಿಗಿಂತ ಹೆಚ್ಚು ಪಡೆಯುವ ನೌಕರರು ಎಷ್ಟು ಮಂದಿ ಎಂಬುದನ್ನು ಅದರಲ್ಲಿ ತೋರಿಸಲೇಬೇಕು. ಚಂದಾ ಎತ್ತುವವರ ಕಾಟ ವಿಪರೀತವಾಗಿದೆ ಎಂಬ ಗಲಾಟೆ 2015ರಲ್ಲಿ ಎದ್ದ ಮೇಲೆ ಅದಕ್ಕೆಂದೇ ಮರುವರ್ಷ ಪ್ರತ್ಯೇಕ ನಿಯಂತ್ರಕರೂ ಬಂದರು.

ಮಂಡಳಿಯಲ್ಲಿ ಸಕ್ಕರೆ ಕಾಯಿಲೆ ಇರುವವರೂ ವೈದ್ಯರೂ ಹಣಕಾಸು ಬಲ್ಲವರೂ ಇರುತ್ತಾರೆ. ಇದರ ಜೊತೆಗೆ ಡಯಾಬಿಟಿಸ್ ಯುಕೆ ಎರಡು ಸಲಹಾ ಪರಿಷತ್ತುಗಳನ್ನು ಮಾಡಿಕೊಂಡಿತು, ರೋಗದೊಡನೆ ಬದುಕುವವರದು ಒಂದು, ಚಿಕಿತ್ಸೆ ಕೊಡುವವರದು ಇನ್ನೊಂದು. ಎರಡಕ್ಕೂ ಸಲಹೆ ಕೊಡುವ ಹಕ್ಕಿದೆ, ತೀರ್ಮಾನ ಟ್ರಸ್ಟಿಗಳದು. ಕೇಳಲು ಇದು ಹಿತವಾಗಿದೆ. ಆದರೆ ರೋಗಿಗಳು ಒಂದು ಹೇಳಿ, ವೈದ್ಯರು ಇನ್ನೊಂದು ಹೇಳಿದ ದಿನ ಏನಾಗುತ್ತದೆ? ಆ ದಿನ ಈ ಸಂಸ್ಥೆಯ ಬದುಕಿನಲ್ಲಿ ಒಮ್ಮೆ ಬಂದಿತ್ತು, ಈ ಪರಿಷತ್ತುಗಳಿಗೂ ಮೊದಲು.

ಇನ್ಸುಲಿನ್ ಆರು ದಶಕ ಕಾಲ ಹಂದಿ ಮತ್ತು ದನದ ಮೇದೋಜೀರಕ ಗ್ರಂಥಿಯಿಂದ ಬರುತ್ತಿತ್ತು. 1982ರಲ್ಲಿ, ಬ್ಯಾಕ್ಟೀರಿಯಾಗಳಿಂದ ತಯಾರಿಸಿದ ‘ಮಾನವ’ ಇನ್ಸುಲಿನ್ನಿಗೆ ಪರವಾನಗಿ ಸಿಕ್ಕಿತು. ಆ ದಶಕ ಮುಗಿಯುವುದರೊಳಗೆ ಬ್ರಿಟನ್ನಿನ ಬಹುಪಾಲು ರೋಗಿಗಳನ್ನು ಹೊಸದಕ್ಕೆ ಬದಲಾಯಿಸಲಾಗಿತ್ತು. ಅವರಲ್ಲಿ ಕೆಲವರು ಒಂದು ದೂರು ಹೇಳತೊಡಗಿದರು. ರಕ್ತದಲ್ಲಿ ಸಕ್ಕರೆ ಕುಸಿಯುವ ಮುಂಚೆ ಬೆವರು, ನಡುಕ, ಎದೆಬಡಿತ ಕಾಣಿಸಿಕೊಂಡು ಎಚ್ಚರಿಸುತ್ತವೆಯಲ್ಲ, ಆ ಮುನ್ಸೂಚನೆ ಈಗ ಬರುತ್ತಿಲ್ಲ. ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುತ್ತದೆ ಎಂದು. ಸಂಘಕ್ಕೆ ಸುಮಾರು ಮೂರು ಸಾವಿರ ಪತ್ರಗಳು ಬಂದವು. ಸಂಘವೇ ಅವುಗಳನ್ನು ಅಧ್ಯಯನ ಮಾಡಿಸಿತು, 1993ರಲ್ಲಿ ವರದಿ ಸಿದ್ಧವಾಯಿತು. ಅದು ಪ್ರಕಟವಾಗಲಿಲ್ಲ. 1999ರಲ್ಲಿ ‘ದಿ ಗಾರ್ಡಿಯನ್’ ಪತ್ರಿಕೆ ಈ ಸಂಗತಿಯನ್ನು ಮುಖಪುಟಕ್ಕೆ ತರುವವರೆಗೆ ಹೊರಗಿನವರಿಗೆ ಅದು ಗೊತ್ತೇ ಇರಲಿಲ್ಲ. ಜನ ಗಾಬರಿಯಾಗುತ್ತಾರೆ ಎಂಬ ಅಂಜಿಕೆಯಿಂದ ತಡೆಹಿಡಿಯಲಾಗಿತ್ತು ಎಂದು ಪತ್ರಿಕೆ ಬರೆಯಿತು. ಅಷ್ಟರಲ್ಲಾಗಲೇ, 1994ರಲ್ಲಿ, ಪ್ರಾಣಿಜನ್ಯ ಇನ್ಸುಲಿನ್ ಉಳಿಸಬೇಕೆಂಬ ರೋಗಿಗಳೂ ಅವರ ಮನೆಯವರೂ ‘ಇನ್ಸುಲಿನ್ ಡಿಪೆಂಡೆಂಟ್ ಡಯಾಬಿಟಿಸ್ ಟ್ರಸ್ಟ್’ ಎಂಬ ತಮ್ಮದೇ ದತ್ತಿ ಕಟ್ಟಿಕೊಂಡಿದ್ದರು. ಔಷಧಿ ಕಂಪನಿಗಳ ಹಣ ಮುಟ್ಟುವುದಿಲ್ಲ ಎಂಬುದು ಅದರ ನೇಮ.

ವಿಜ್ಞಾನ ಏನು ಹೇಳಿತು? ಎರಡು ಬಗೆಯ ಇನ್ಸುಲಿನ್ನುಗಳನ್ನು ಹೋಲಿಸಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ ಕಾಕ್ರೇನ್ ಸಮೀಕ್ಷೆ, ಚಿಕಿತ್ಸೆಯ ದೃಷ್ಟಿಯಿಂದ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆ ಪ್ರಯೋಗಗಳ ಗುಣಮಟ್ಟವೂ ಹೇಳಿಕೊಳ್ಳುವಂಥದ್ದಲ್ಲ, ರೋಗಿಗೆ ಮುಖ್ಯವಾದ ಎಷ್ಟೋ ಸಂಗತಿಗಳನ್ನು ಯಾರೂ ಅಳೆದೇ ಇಲ್ಲ ಎಂದೂ ಅದು ಸೇರಿಸಿತು. ಅಂದರೆ ರೋಗಿಗಳ ದೂರಿನ ಬಗ್ಗೆ ವೈದ್ಯರಿಗಿದ್ದ ಸಂಶಯ ಪೂರಾ ತಪ್ಪಾಗಿರಲಿಲ್ಲ. ಆದರೆ ಇಲ್ಲಿರುವುದು ಔಷಧಿಯ ಪ್ರಶ್ನೆಯಷ್ಟೇ ಅಲ್ಲ. ಸದಸ್ಯರು ಬರೆದ ಪತ್ರಗಳು ಸದಸ್ಯರದ್ದು. ಅವುಗಳಿಂದ ಹೊರಟ ತೀರ್ಮಾನವನ್ನು ಒಪ್ಪದಿದ್ದರೆ, ಒಪ್ಪುವುದಿಲ್ಲವೆಂದು ಮುನ್ನುಡಿ ಬರೆದು ಅಚ್ಚು ಹಾಕಬಹುದಿತ್ತು. ಬಡವ ಬಲ್ಲಿದರಿಗೆಲ್ಲ ತೆರೆದ ಸಂಘವೆಂದು ಹುಟ್ಟಿದ್ದು, ಅವರ ಮಾತನ್ನೇ ಅವರಿಂದ ಬಚ್ಚಿಟ್ಟಿತು. ರೋಗಿಯಾದ ವೈದ್ಯನೊಬ್ಬ ಕಟ್ಟಿದ ಸಂಸ್ಥೆಯಲ್ಲಿ ಕಾಲಕ್ರಮೇಣ ವೈದ್ಯನ ದನಿ ಮೇಲಾಗಿ ರೋಗಿಯ ದನಿ ಕುಗ್ಗಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಕಂಡಿಲ್ಲ.

ಇನ್ನು ಹಣ. ಬ್ರಿಟನ್ನಿನ ಇಂಥ ದತ್ತಿಗಳಿಗೆ ಸತ್ತವರ ಉಯಿಲು ಒಂದು ದೊಡ್ಡ ಆಧಾರ. ಬದುಕಿದ್ದವರು ಓಡಿ, ಈಜಿ, ಸೈಕಲ್ ತುಳಿದು ತರುವ ಪ್ರಾಯೋಜಿತ ಹಣ ಇನ್ನೊಂದು. ಈ ಎರಡರಲ್ಲೂ ಜಗಳವಿಲ್ಲ. ಜಗಳವಿರುವುದು ಕಂಪನಿಗಳ ಹಣದಲ್ಲಿ. ಇನ್ಸುಲಿನ್ ಮಾಡುವವರು, ಸಕ್ಕರೆ ಅಳೆಯುವ ಯಂತ್ರ ಮಾರುವವರು ಸಮ್ಮೇಳನಕ್ಕೆ, ಕರಪತ್ರಕ್ಕೆ ಹಣ ಕೊಡಲು ಸದಾ ಸಿದ್ಧ. ಇದಕ್ಕಿಂತ ವಿಚಿತ್ರವಾದದ್ದು ತಂಪು ಪಾನೀಯದವರ ಹಣ. 2018ರಲ್ಲಿ ಡಯಾಬಿಟಿಸ್ ಯುಕೆ, ಬ್ರಿಟನ್ನಿನಲ್ಲಿ ಪೆಪ್ಸಿ, ಟ್ಯಾಂಗೊ ಬಾಟಲಿ ತುಂಬುತ್ತಿದ್ದ ಬ್ರಿಟ್‌ವಿಕ್ ಕಂಪನಿಯ ಜೊತೆ ಪಾಲುದಾರಿಕೆ ಮಾಡಿಕೊಂಡು ಬೈಸಿಕೊಂಡಿತು. ಅದೇ ವರ್ಷದ ಏಪ್ರಿಲಿನಲ್ಲಿ, ಅದೇ ಸಂಸ್ಥೆ ಬೆಂಬಲಿಸಿದ್ದ ತಂಪು ಪಾನೀಯಗಳ ಸಕ್ಕರೆ ತೆರಿಗೆ ಜಾರಿಗೆ ಬಂದಿತ್ತು. ಕಂಪನಿಗಳ ಒಳಗೆ ಕೂತು ಅವುಗಳನ್ನು ತಿದ್ದುತ್ತೇವೆ ಎಂಬ ವಾದ ಇಂಥ ಕಡೆ ಯಾವಾಗಲೂ ಬರುತ್ತದೆ. ಅಮೆರಿಕದ ಸಂಘವೂ 2005ರಲ್ಲಿ ಕ್ಯಾಡ್‌ಬರಿ ಶ್ವೆಪ್ಸ್ ಕಂಪನಿಯ ಜೊತೆ ಕೈಜೋಡಿಸಿ ಇದೇ ವಾದ ಹೂಡಿತ್ತು. ಚಾಕೊಲೇಟಿನ ಕಂಪನಿ ಸಕ್ಕರೆ ಕಾಯಿಲೆಯ ಸಂಘಕ್ಕೆ ಹಣ ಕೊಡುವುದರಲ್ಲಿ ಕಂಪನಿಗೆ ಏನು ಲಾಭವೆಂದು ಕೇಳಿದರೆ, ಒಳಗೆ ಕೂತು ತಿದ್ದಿಸಿಕೊಳ್ಳುವ ಆಸೆ ಎಂದು ನಂಬುವುದು ಕಷ್ಟ.

ಹಾಗೆಂದು ಕೈತುಂಬ ಹಣವಿರುವುದು ಕೆಟ್ಟದ್ದಲ್ಲ, ಅದರಿಂದ ಏನಾಗುತ್ತದೆ ಎಂಬುದಕ್ಕೆ ಡೈರೆಕ್ಟ್ ಎಂಬ ಅಧ್ಯಯನ ಇದೆ. ಟೈಪ್ 2 ಒಮ್ಮೆ ಬಂದರೆ ಹೋಗದು, ಬೆಳೆಯುತ್ತಲೇ ಇರುತ್ತದೆ ಎಂಬುದು ಬಹುಕಾಲದ ನಂಬಿಕೆ. ನ್ಯೂಕ್ಯಾಸಲ್ಲಿನ ರಾಯ್ ಟೇಲರ್, ಗ್ಲಾಸ್ಗೋದ ಮೈಕ್ ಲೀನ್ ಇದನ್ನು ಪರೀಕ್ಷೆಗೆ ಒಡ್ಡಲು ಹೊರಟಾಗ ಹಣ ಕೊಟ್ಟಿದ್ದು ಡಯಾಬಿಟಿಸ್ ಯುಕೆ. ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಸೂಪು, ಶೇಕ್ ಮಾತ್ರ ಕೊಟ್ಟು, ಆಮೇಲೆ ನಿಧಾನವಾಗಿ ಊಟಕ್ಕೆ ಮರಳಿಸುವ ಕ್ರಮ. 2017ರ ಡಿಸೆಂಬರಿನಲ್ಲಿ ಫಲಿತಾಂಶ ಬಂತು: ವರ್ಷದ ಕೊನೆಗೆ ಹೀಗೆ ತೂಕ ಇಳಿಸಿದ ಗುಂಪಿನ ಶೇಕಡಾ 46 ಮಂದಿಯ ಸಕ್ಕರೆ, ಮಾತ್ರೆಯಿಲ್ಲದೆ ರೋಗದ ಮಟ್ಟಕ್ಕಿಂತ ಕೆಳಗಿತ್ತು. ಎರಡನೆಯ ವರ್ಷ ಅದು 36ಕ್ಕೆ ಇಳಿಯಿತು. ಔಷಧಿ ಬಿಡಿಸುವ ಪ್ರಯೋಗಕ್ಕೆ ಯಾವ ಔಷಧಿ ಕಂಪನಿ ಹಣ ಹಾಕೀತು? ಈಗ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯೇ ಈ ಕ್ರಮವನ್ನು ರೋಗಿಗಳಿಗೆ ಕೊಡುತ್ತಿದೆ. ಇಷ್ಟಾಗಿಯೂ, ಪ್ರಯೋಗದ ಶೇಕ್‌ಗಳನ್ನು ಒದಗಿಸಿದ್ದು ಅವುಗಳನ್ನು ಮಾರುವ ಕಂಪನಿಯೇ ಎಂಬುದನ್ನು ಓದುಗರು ಗಮನಿಸಬೇಕು.

ಯಾವ ಸಂಶೋಧನೆಗೆ ಹಣ ಎಂಬುದನ್ನು ತೀರ್ಮಾನಿಸುವಲ್ಲಿ ಹೊರಗಿನ ತಜ್ಞರ ವಿಮರ್ಶೆ ಕಡ್ಡಾಯ. ಜೊತೆಗೆ ಸಕ್ಕರೆ ಕಾಯಿಲೆ ಇರುವ ಸಾಮಾನ್ಯರ ಸಮಿತಿಯೂ ಅರ್ಜಿಗಳನ್ನು ಓದಿ ಅಭಿಪ್ರಾಯ ಕೊಡುತ್ತದೆ. ಈ ಶಿಸ್ತಿಗೆ ಹೊಸ ಪರೀಕ್ಷೆ ಬಂದಿದ್ದು 2022ರಲ್ಲಿ. ಮನೆ ಕಟ್ಟುವ ವ್ಯವಹಾರದಲ್ಲಿ ಶ್ರೀಮಂತರಾದ ಸ್ಟೀವ್ ಮಾರ್ಗನ್ ಅವರ ಪ್ರತಿಷ್ಠಾನ ಟೈಪ್ 1 ಸಂಶೋಧನೆಗೆಂದು ಐದು ಕೋಟಿ ಪೌಂಡ್ ಘೋಷಿಸಿತು. ಡಯಾಬಿಟಿಸ್ ಯುಕೆ ಮತ್ತು ಜೆಡಿಆರ್‌ಎಫ್ ಜೊತೆಯಾಗಿ ಅದನ್ನು ನಡೆಸಬೇಕು. ಕೊಟ್ಟವರ ಮನೆಯಲ್ಲೂ ಟೈಪ್ 1 ಇದೆ, ಅವರ ಕಾಳಜಿ ನಿಜವಾದದ್ದೇ. ಆದರೆ ಸಾವಿರಾರು ಜನ ಹತ್ತು ಇಪ್ಪತ್ತು ಪೌಂಡ್ ಕೊಟ್ಟು ಕಟ್ಟಿದ ಸಂಸ್ಥೆಯ ಸಂಶೋಧನೆಯ ದಿಕ್ಕನ್ನು ಒಂದೇ ಮನೆಯ ಹಣ ಬದಲಿಸಬಲ್ಲದು. ಬ್ರಿಟನ್ನಿನ ರೋಗಿಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯದು ಟೈಪ್ 2. ಅವರ ಪರವಾಗಿ ಇಷ್ಟು ದೊಡ್ಡ ಚೆಕ್ ಬರೆಯುವವರು ಸಿಕ್ಕಿಲ್ಲ; ಸಿಗುವುದೂ ಕಷ್ಟ, ಏಕೆಂದರೆ ಟೈಪ್ 2 ಎಂದರೆ ತಿಂದು ತಂದುಕೊಂಡದ್ದು ಎಂಬ ಮಾತು ಆ ಸಮಾಜದಲ್ಲೂ ಗಟ್ಟಿಯಾಗಿದೆ.

ಆ ಮಾತು ಎಷ್ಟು ಪೊಳ್ಳೆಂಬುದಕ್ಕೆ ಅಲ್ಲಿಗೆ ಹೋಗಿ ನೆಲೆಸಿದ ನಮ್ಮವರೇ ಸಾಕು. ದಕ್ಷಿಣ ಏಷ್ಯಾ ಮೂಲದವರಿಗೆ ಟೈಪ್ 2 ಬರುವ ಸಂಭವ ಬಿಳಿಯರಿಗಿಂತ ಎರಡರಿಂದ ನಾಲ್ಕು ಪಟ್ಟು ಹೆಚ್ಚು, ಅದೂ ಕಡಿಮೆ ವಯಸ್ಸಿಗೆ, ಕಡಿಮೆ ತೂಕಕ್ಕೆ. ಬಿಳಿಯರಲ್ಲಿ ತೂಕ ಹೆಚ್ಚಾಯಿತೆನ್ನಲು ದೇಹತೂಕ ಸೂಚ್ಯಂಕ 25 ಆಗಬೇಕು. ನಮ್ಮವರಿಗೆ 23ಕ್ಕೇ ಎಚ್ಚರಿಕೆ ಕೊಡಬೇಕೆಂದು ಅಲ್ಲಿನ ಮಾರ್ಗಸೂಚಿ ಹೇಳುತ್ತದೆ. ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಇರುವ ಕನ್ನಡಿಗರಿಗೆ, ಅನ್ನ, ಮುದ್ದೆ, ಚಪಾತಿಯ ಲೆಕ್ಕ ಹೇಳುವ ಪಥ್ಯದ ಹಾಳೆ ಬೇಕಾಗುವುದು ಇದಕ್ಕೇ. ಇಂಥ ಸಮುದಾಯಗಳಿಗೆ ಅವರವರ ಭಾಷೆಯಲ್ಲಿ ಮಾಹಿತಿ ಕೊಡುವ ಕೆಲಸವನ್ನು ಸಂಸ್ಥೆ ಮಾಡುತ್ತಿದೆ. ಟ್ರಸ್ಟಿಗಳ ಮೇಜಿನ ಸುತ್ತ ಅವರಲ್ಲಿ ಎಷ್ಟು ಜನ ಕೂತಿದ್ದಾರೆ ಎಂಬುದು ಪ್ರತಿ ವರ್ಷವೂ ಕೇಳಬೇಕಾದ ಪ್ರಶ್ನೆ.

ನಮ್ಮ ದೇಶದ ಕಥೆ ಬಹುಮಟ್ಟಿಗೆ ಅಮೆರಿಕದ ದಾರಿಯದು, ಅಂದರೆ ವೈದ್ಯರ ದಾರಿ. ಮುಂಬಯಿಯಲ್ಲಿ ಡಾ. ಎಸ್. ಎಸ್. ಅಜಗಾಂವ್‌ಕರ್ ಅವರ ಮುಂದಾಳತ್ವದಲ್ಲಿ 1955ರಲ್ಲಿ ಡಯಾಬಿಟಿಕ್ ಅಸೋಸಿಯೇಷನ್ ಆಫ್ ಇಂಡಿಯಾ ಹುಟ್ಟಿತು. 1972ರಲ್ಲಿ ಬಂದ ಆರ್‌ಎಸ್‌ಎಸ್‌ಡಿಐ ಸಂಶೋಧಕ ವೈದ್ಯರ ಸಂಘ. ಇವುಗಳ ಆಚೆ ಇರುವುದು ಸೇವೆಯ ಟ್ರಸ್ಟುಗಳು. ನಾಗಪುರದ ಡ್ರೀಮ್ ಟ್ರಸ್ಟ್ ಬಡ ಮಕ್ಕಳಿಗೆ ಇನ್ಸುಲಿನ್ ಕೊಡುತ್ತ ಬಂದಿದೆ. ಬೆಂಗಳೂರಿನ ಸಮತ್ವಂ ಕೂಡ ಅಂಥ ಕೆಲಸ ಮಾಡುತ್ತಿದೆ. ಇವುಗಳಿಂದ ಉಳಿದ ಜೀವಗಳ ಮುಂದೆ ಆಡಳಿತದ ಸೂಕ್ಷ್ಮಗಳನ್ನು ಎತ್ತುವುದು ಸಂಕೋಚದ ಸಂಗತಿ. ಆದರೂ ಹೇಳಬೇಕು: ಇವುಗಳಲ್ಲಿ ರೋಗಿ ಸಹಾಯ ಪಡೆಯುವವನು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಇಷ್ಟು ಜನರಿದ್ದೂ, ಸರ್ಕಾರದ ಔಷಧಿ ಪಟ್ಟಿಗೋ ಪರೀಕ್ಷಾ ಪಟ್ಟಿಯ ಬೆಲೆಗೋ ಅವರ ಹೆಸರಿನಲ್ಲಿ, ಅವರಿಂದಲೇ ಚುನಾಯಿತರಾಗಿ ಜಗಳ ಆಡುವ ದೊಡ್ಡ ಸಂಘ ಬೆಳೆದಿಲ್ಲ. ಪಕ್ಕದ ಬೀದಿಯ ಗಣೇಶೋತ್ಸವ ಸಮಿತಿಗೂ ಅಧ್ಯಕ್ಷ ಸ್ಥಾನಕ್ಕೆ ಪೈಪೋಟಿ ಇರುವ ನಾಡಿನಲ್ಲಿ ಇದು ಆಶ್ಚರ್ಯವೇ.

ಕಾನೂನು ಅಡ್ಡಿ ಎನ್ನುವಂತಿಲ್ಲ. ಟ್ರಸ್ಟ್ ಡೀಡ್ ಬರೆಸಬಹುದು; ಬೇಗ ಆಗುತ್ತದೆ, ಆದರೆ ಬರೆಸಿದವರ ಮನೆತನದೊಳಗೇ ಅದು ಉಳಿದುಬಿಡುವುದೂ ಅಷ್ಟೇ ಸುಲಭ. ಕಂಪನಿ ಕಾಯ್ದೆಯ 8ನೇ ಕಲಮಿನ ಲಾಭರಹಿತ ಕಂಪನಿ ಮಾಡಬಹುದು; ಡಯಾಬಿಟಿಸ್ ಯುಕೆಯ ರೂಪಕ್ಕೆ ಹತ್ತಿರವಾದದ್ದು ಅದೇ, ಲೆಕ್ಕಪತ್ರದ ಕಟ್ಟುಪಾಡೂ ಅದಕ್ಕೇ ಹೆಚ್ಚು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ಸಂಘ ಮಾಡಲು ಏಳು ಮಂದಿ ವಯಸ್ಕರು ಸಾಕು. ತೆರಿಗೆ ವಿನಾಯಿತಿಗೆ, ದಾನಿಗಳ 80ಜಿ ರಸೀತಿಗೆ ಆದಾಯ ತೆರಿಗೆ ಇಲಾಖೆಗೆ ಹೋಗಬೇಕು. ತೊಡಕು ಬರುವುದು ಸಂಘ ರಾಷ್ಟ್ರಮಟ್ಟಕ್ಕೆ ಬೆಳೆಯಲು ಹೊರಟಾಗ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ಮೇಲೆ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ, ಆಡಳಿತದ ಖರ್ಚು ಅದರ ಶೇಕಡಾ 20 ಮೀರುವಂತಿಲ್ಲ. ಅಂದರೆ ದೆಹಲಿಯಲ್ಲೋ ಮುಂಬಯಿಯಲ್ಲೋ ಕೂತ ಕೇಂದ್ರ ಸಂಘ ಹೊರಗಿನಿಂದ ಹಣ ತಂದು ರಾಯಚೂರಿನ, ಚಾಮರಾಜನಗರದ ಸಣ್ಣ ಗುಂಪುಗಳಿಗೆ ಹಂಚುವ ಮಾದರಿ ಇಲ್ಲಿ ನಡೆಯುವುದಿಲ್ಲ. ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆಯಾಗಿ ನೋಂದಣಿಯಾದ ಸಂಘಗಳು, ಸದಸ್ಯರ ಚಂದಾದಿಂದ ನಡೆದು, ಮೇಲೊಂದು ಒಕ್ಕೂಟ ಮಾಡಿಕೊಳ್ಳುವುದೇ ಇಲ್ಲಿ ಸಾಧ್ಯವಿರುವ ದಾರಿ. ಕಾರ್ಯಕಾರಿ ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಥಾನ ರೋಗಿಗಳಿಗೆ ಅಥವಾ ಅವರ ಮನೆಯವರಿಗೆ ಮೀಸಲು, ಔಷಧಿ ಕಂಪನಿಯ ನೌಕರರಿಗೆ ಮತದಾನವಿಲ್ಲ, ಸದಸ್ಯರ ಮಾತಿನ ಆಧಾರದ ಮೇಲೆ ಮಾಡಿಸಿದ ಯಾವ ವರದಿಯನ್ನೂ ಇಂತಿಷ್ಟು ತಿಂಗಳೊಳಗೆ ಸರ್ವಸದಸ್ಯರ ಸಭೆಯ ಮುಂದಿಡಲೇಬೇಕು ಎಂಬ ಮೂರು ಕಲಮುಗಳನ್ನು ಬೈಲಾದಲ್ಲಿ ಮೊದಲ ದಿನವೇ ಬರೆಸಿಕೊಳ್ಳುವುದು ಒಳ್ಳೆಯದು. ಆಮೇಲೆ ಸೇರಿಸಲು ಹೊರಟರೆ ಬೈಲಾ ತಿದ್ದುಪಡಿಗೆ ವಿಶೇಷ ಸಭೆ ಕರೆದು, ಬಹುಮತ ಕೂಡಿಸಿ, ರಿಜಿಸ್ಟ್ರಾರರ ಕಚೇರಿಗೆ ಓಡಾಡಬೇಕಾಗುತ್ತದೆ. ಅಷ್ಟು ಹೊತ್ತಿಗೆ ಆ ಕಲಮುಗಳು ಯಾರಿಗೆ ಬೇಡವೋ ಅವರೇ ಸಮಿತಿಯಲ್ಲಿ ಕೂತಿರುತ್ತಾರೆ.